ಸಂಬಳವಿಲ್ಲದವರ ರೈಲು

ಸಂಬಳ ಕೊಡದೆ ಒಬ್ಬರ ಕೈಲಿ ಕೆಲಸ ಮಾಡಿಸಬಹುದು, ಆದರೆ ಅವರನ್ನು ಗದರುವಂತಿಲ್ಲ. ಈ ಸಣ್ಣ ಸಂಗತಿಯನ್ನು ನಂಬಿಕೊಂಡು ಒಂದು ಇಡೀ ರೈಲ್ವೆ ಎಪ್ಪತ್ತು ವರ್ಷಕ್ಕೂ ಮಿಕ್ಕಿ ಓಡುತ್ತಿದೆ ಎಂಬುದನ್ನು ಕಾಣಲು ನಾನೇನೂ ವೇಲ್ಸ್‌ಗೆ ಹೊರಟವಳಲ್ಲ. ಹೊರಟದ್ದು ತಮ್ಮನ ಮಗನ ಹಟಕ್ಕೆ.

ಲಂಡನ್ನಿನ ದಿನಗಳು ಕ್ಯೂಗಳಲ್ಲೇ ಮುಗಿದಿದ್ದವು. ಕಂಡದ್ದಕ್ಕೆಲ್ಲ ಟಿಕೆಟ್ಟು, ಪೌಂಡನ್ನು ರೂಪಾಯಿಗೆ ತಿರುಗಿಸಿ ಹೊಟ್ಟೆ ಉರಿಸಿಕೊಳ್ಳುವುದು ನನ್ನ ಕೆಲಸ. ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರಾಗಿರುವ ತಮ್ಮ, "ಅಕ್ಕಾ, ನಿನಗೂ ಬೇಜಾರಾಗಿದೆ, ಇವನೂ ಬಿಡ್ತಿಲ್ಲ, ಟವಿನ್‌ಗೆ ಹೋಗಿ ಬರೋಣ" ಅಂದ. ಹುಡುಗನಿಗೆ ಥಾಮಸ್ ರೈಲಿನ ಹುಚ್ಚು. ಆ ಪುಸ್ತಕಗಳನ್ನು ಬರೆದ ಪಾದ್ರಿ ಆಡ್ರಿ ಕೆಲಸ ಮಾಡಿದ ರೈಲು ಅಲ್ಲಿದೆಯಂತೆ. ಬರ್ಮಿಂಗ್‌ಹ್ಯಾಮಿನಿಂದ ನೇರ ರೈಲು, ಮೂರು ಗಂಟೆಗೂ ಮೇಲಿನ ಹಾದಿ. ಮಖನ್‌ಲೆತ್ ಎಂಬ ಊರಲ್ಲಿ ರೈಲು ಎರಡಾಗಿ ಸೀಳಿ ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ ಹೋಗುತ್ತದೆ. ಆಮೇಲೆ ಹಳಿ ಡವಿ ನದಿ ಸಮುದ್ರ ಸೇರುವ ಅಳಿವೆಯ ಅಂಚಿಗೇ ಬೀಳುತ್ತದೆ. ನೋಟ ಚೆನ್ನಾಗಿದೆ. ಎದುರು ಸೀಟಿನವರು ಅಷ್ಟನ್ನೂ ಫೋನಿನ ಪರದೆಯಲ್ಲೇ ನೋಡಿ ಮುಗಿಸಿದರು.

ಟವಿನ್ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ ನಡೆದರೆ ಟಾಲಿಲಿನ್ ರೈಲ್ವೆಯ ವಾರ್ಫ್ ಸ್ಟೇಷನ್. ಹಳಿಗಳ ನಡುವಿನ ಅಗಲ ಎರಡು ಅಡಿ ಮೂರು ಅಂಗುಲ, ಅಷ್ಟೇ. ಪ್ಲಾಟ್‌ಫಾರ್ಮಿನಲ್ಲಿ ಕಾಲಿಟ್ಟ ಕೂಡಲೇ ಹುಡುಗ "ಅತ್ತೆ, ಅದು ಸ್ಕಾರ್ಲೋಯ್!" ಎಂದು ಕಿರುಚಿದ. ನಿಜವಾದ ಹೆಸರು ಟಾಲಿಲಿನ್, ನಂಬರ್ ಒಂದು, 1860ರ ದಶಕದ ಎಂಜಿನ್. ಕತೆಯ ಹೆಸರೇ ನಿಜ, ಎಂಜಿನ್ ಮೇಲೆ ಬರೆದಿರುವುದು ತಪ್ಪು ಎಂಬುದು ಅವನ ತೀರ್ಮಾನ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಬೋಗಿಗೆ ಬಾಗಿಲು ಒಂದೇ ಕಡೆ. ಇನ್ನೊಂದು ಮಗ್ಗುಲು ಪೂರಾ ಬಂದ್. ಹಸಿರು ಬಾವುಟ ಕಂಕುಳಲ್ಲಿ ಇಟ್ಟುಕೊಂಡು ಟಿಕೆಟ್ ನೋಡುತ್ತಿದ್ದ ಗಾರ್ಡನ್ನು ಕೇಳಿದೆ. ಅರವತ್ತು ದಾಟಿದ ಹೆಂಗಸು, ಕರಿ ಕೋಟಿನ ಗುಂಡಿಗಳು ಥಳಥಳ ಹೊಳೆಯುತ್ತಿದ್ದವು.

"ತಪ್ಪು ಕಟ್ಟಿದ್ದರಿಂದ," ಎಂದರು ಆಕೆ, ಬಹಳ ಸಂತೋಷದಿಂದ.

1866ರಲ್ಲಿ ಸರ್ಕಾರದ ಇನ್‌ಸ್ಪೆಕ್ಟರ್ ಕ್ಯಾಪ್ಟನ್ ಟೈಲರ್ ಬಂದು ಅಳತೆ ಹಿಡಿದಾಗ ಸೇತುವೆಗಳ ಕೆಳಗೆ ಬೋಗಿಗೂ ಗೋಡೆಗೂ ನಡುವೆ ಜಾಗ ಸಾಲದೆ ಬಂತು. ಬೇಕಾದದ್ದು ಎರಡೂವರೆ ಅಡಿ, ಇದ್ದದ್ದು ಎರಡು ಅಡಿಗೂ ಕಡಿಮೆ. ಸೇತುವೆ ಒಡೆದು ಕಟ್ಟಲು ದುಡ್ಡೆಲ್ಲಿ? ಸೇತುವೆಯಡಿ ಹಳಿಯನ್ನೇ ಒಂದು ಪಕ್ಕಕ್ಕೆ ಸರಿಸಿ, ಆ ಪಕ್ಕದ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿಬಿಟ್ಟರು. ಆವತ್ತಿನ ಆ ಜುಗಾಡು ಇವತ್ತಿಗೂ ಕಾನೂನು. ಪ್ಲಾಟ್‌ಫಾರ್ಮುಗಳೆಲ್ಲ ಅದೇ ಕಾರಣಕ್ಕೆ ಒಂದೇ ಕಡೆ.

ಈ ಗಾರ್ಡಮ್ಮ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರಂತೆ. ಊರು ಇಲ್ಲಿಂದ ಮೂರು ಗಂಟೆಯ ಹಾದಿ. ರಜೆ ಹಾಕಿಕೊಂಡು ಬಂದು, ತಮ್ಮ ಪೆಟ್ರೋಲು ತಾವೇ ಸುಟ್ಟು, ಎರಡು ವಾರ ಬಾವುಟ ಬೀಸಿ ಹೋಗುತ್ತಾರೆ. ಎಂಜಿನ್ ಮೇಲಿದ್ದ ಡ್ರೈವರ್ ಶಾಲೆಯ ಮೇಷ್ಟ್ರು. ಸಂಬಳದ ನೌಕರರು ಕೆಲವರಿದ್ದಾರೆ, ಮಿಕ್ಕವರು ಹೀಗೇ ಬಂದವರು. ಬಂದ ದಿನವೇ ಎಂಜಿನ್ ಕೊಡುವುದಿಲ್ಲ. ಮೊದಲು ಕ್ಲೀನರ್, ಬೆಳಗಿನ ಜಾವ ಬೂದಿ ಬಾಚಬೇಕು, ಹಿತ್ತಾಳೆ ಉಜ್ಜಬೇಕು. ಆಮೇಲೆ ಫೈರ್‌ಮನ್, ಪರೀಕ್ಷೆ. ವರ್ಷಗಳು ಕಳೆದ ಮೇಲೆ ಡ್ರೈವರ್.

ರೈಲು ಹೊರಟಿತು. ಅಬರ್‌ಗನಾಲ್ವಿನ್ ದಾಟಿ ನಾಂಟ್ ಗ್ವೆರ್ನಾಲ್‌ವರೆಗೆ ಏಳೂಕಾಲು ಮೈಲಿ, ಒಂದು ಗಂಟೆಯ ಹತ್ತಿರ. ಕಿಟಕಿಗೆ ತಾಗುವ ಜರೀಗಿಡ, ಕುರಿ, ತುಂತುರು, ಡೊಲ್ಗೋಕ್‌ನ ಎತ್ತರದ ಸೇತುವೆ. ಮೈಸೂರು–ಅರಸೀಕೆರೆ ಮೀಟರ್‌ಗೇಜಿನ ಕಾಲದಲ್ಲಿ ಬೆತ್ತದ ಬಳೆಗೆ ಸಿಕ್ಕಿಸಿದ ಟೋಕನ್ನನ್ನು ಓಡುವ ರೈಲಿನಿಂದಲೇ ಕೈ ಬದಲಾಯಿಸುತ್ತಿದ್ದುದನ್ನು ಕಂಡವಳು ನಾನು. ಇಲ್ಲಿ ಒಬ್ಬ ಕಾಲೇಜು ಹುಡುಗ ಅದೇ ಗಾಂಭೀರ್ಯದಲ್ಲಿ ಕೈ ಚಾಚಿ ನಿಂತಿದ್ದ. ಇವನ ಅಪ್ಪ ಹುಟ್ಟುವ ಹೊತ್ತಿಗೇ ಇವರ ದೇಶದಲ್ಲಿ ಉಗಿಬಂಡಿಯ ಕಾಲ ಮುಗಿಯುತ್ತ ಬಂದಿತ್ತು.

ಈ ರೈಲು ಉಳಿದದ್ದೇ ಒಂದು ವಿಚಿತ್ರ. ಬ್ರಿನ್ ಎಗ್ಲ್ವಿಸ್ ಗಣಿಯಿಂದ ಸ್ಲೇಟುಕಲ್ಲು ಸಾಗಿಸಲು ಕಟ್ಟಿದ್ದು. 1911ರಲ್ಲಿ ಗಣಿಯನ್ನೂ ರೈಲನ್ನೂ ಕೊಂಡ ಹೇಡನ್ ಜೋನ್ಸ್, ತಾನು ಬದುಕಿರುವವರೆಗೆ ರೈಲು ನಿಲ್ಲುವುದಿಲ್ಲ ಎಂದು ಮಾತು ಕೊಟ್ಟಿದ್ದ. ಗಣಿ 1946ರಲ್ಲಿ ಕುಸಿದು ನಿಂತಿತು, ರೈಲು ನಿಲ್ಲಲಿಲ್ಲ. 1948ರಲ್ಲಿ ಬ್ರಿಟನ್ ರೈಲುಗಳನ್ನೆಲ್ಲ ಸರ್ಕಾರ ವಹಿಸಿಕೊಂಡಾಗ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1950ರ ಜುಲೈಯಲ್ಲಿ ಯಜಮಾನ ತೀರಿಕೊಂಡ. ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಒಂದು ಹೋಟೆಲಿನಲ್ಲಿ ಟಾಮ್ ರೋಲ್ಟ್ ಎಂಬ ಎಂಜಿನಿಯರ್-ಲೇಖಕ ಮತ್ತು ಅವನ ಗೆಳೆಯರು ಸಭೆ ಕರೆದರು. 1951ರ ಮೇ 14ರಂದು ಅವರ ಮೊದಲ ರೈಲು ಹೊರಟಿತು. ಸ್ವಯಂಸೇವಕರು ನಡೆಸಿ ಉಳಿಸಿದ ರೈಲ್ವೆ ಜಗತ್ತಿನಲ್ಲಿ ಅದೇ ಮೊದಲು. ಓಡುವ ಸ್ಥಿತಿಯಲ್ಲಿದ್ದದ್ದು ಡೊಲ್ಗೋಕ್ ಎಂಬ ಒಂದೇ ಎಂಜಿನ್. ಸ್ಲೀಪರುಗಳು ಕೊಳೆತು, ಹಳಿಗಳು ಹುಲ್ಲಿನ ಬೇರಿನ ಬಲದ ಮೇಲೆ ನಿಂತಿದ್ದವು ಎಂದು ಆಗಿನವರು ಹೇಳುತ್ತಿದ್ದರಂತೆ.

ರೋಲ್ಟನ ಕತೆಯಲ್ಲಿ ನನಗೆ ರುಚಿಸಿದ್ದು ಬೇರೊಂದು ಭಾಗ. ಇದಕ್ಕೆ ಮುಂಚೆ, 1946ರಲ್ಲಿ, ಹಳೆಯ ಕಾಲುವೆಗಳನ್ನು ಉಳಿಸಲು ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಕಟ್ಟಿದವರಲ್ಲಿ ಅವನೂ ಒಬ್ಬ. ಜೊತೆಗಿದ್ದವನು ರಾಬರ್ಟ್ ಏಕ್‌ಮನ್, ಮುಂದೆ ದೆವ್ವದ ಕತೆಗಳಿಗೆ ಹೆಸರಾದವನು. ಇದ್ದಬದ್ದ ಕಾಲುವೆಗಳೆಲ್ಲ ಉಳಿಯಬೇಕೆಂದು ಏಕ್‌ಮನ್. ಆಗುವಷ್ಟನ್ನು ಮೊದಲು ಉಳಿಸೋಣ ಎಂದು ರೋಲ್ಟ್. ಜಗಳ ಬೆಳೆದು 1951ರಲ್ಲಿ ರೋಲ್ಟನನ್ನು ತಾನೇ ಕಟ್ಟಿದ ಸಂಘದಿಂದ ಹೊರಹಾಕಿದರು. ಅದೇ ವರ್ಷ ಅವನು ಇಲ್ಲಿ ಮ್ಯಾನೇಜರ್! ಇಬ್ಬರೂ ಕಾಲುವೆಯನ್ನು ಪ್ರೀತಿಸಿದವರೇ. ಆಸ್ತಿಯ ಜಗಳ ಕೋರ್ಟಿನಲ್ಲಿ ತೀರುತ್ತದೆ, ಪ್ರೀತಿಯ ಜಗಳಕ್ಕೆ ಯಾವ ಕೋರ್ಟೂ ಇಲ್ಲ.

ಅಬರ್‌ಗನಾಲ್ವಿನ್‌ನಲ್ಲಿ ಇಳಿದು ಚಹಾ ಕುಡಿದೆವು. ಆ ಚಹಾದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಕುದಿಸದ ಚಹಾವನ್ನು ನಾನು ಚಹಾ ಅನ್ನುವುದಿಲ್ಲ, ಇಲ್ಲಿಯೂ ಅನ್ನಲಿಲ್ಲ. ಜೊತೆಗೆ ಬಂದ ಬಾರಾ ಬ್ರಿತ್ ಮಾತ್ರ ಸೊಗಸು. ಒಣದ್ರಾಕ್ಷಿಯನ್ನು ಚಹಾ ಡಿಕಾಕ್ಷನ್ನಿನಲ್ಲೇ ನೆನೆಹಾಕಿ ಸುಟ್ಟ ಕಂದು ಬಣ್ಣದ ರೊಟ್ಟಿ, ಮೇಲೆ ಬೆರಳು ದಪ್ಪ ಬೆಣ್ಣೆ. ನಾದಿನಿ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿಯನ್ನು ಪಕ್ಕದಲ್ಲೇ ಬಿಚ್ಚಿದೆ. ಒಗ್ಗರಣೆಯ ವಾಸನೆಗೆ ಗಾರ್ಡಮ್ಮ ಬಂದು ನಿಂತರು. ಒಂದು ಚಮಚ ಹಾಕಿಕೊಟ್ಟೆ. ಕಡಲೆಬೇಳೆ ಕಟುಕಟು ಅಂದಾಗ ಅವರ ಹುಬ್ಬು ಮೇಲೇರಿತು. ಆಮೇಲೆ ಮಾತು ಸಲೀಸಾಯಿತು.

ಪಾದ್ರಿ ಆಡ್ರಿ 1952ರಲ್ಲಿ ಇಲ್ಲಿ ಗಾರ್ಡಾಗಿದ್ದಾಗ, ಇದೇ ಸ್ಟೇಷನ್ನಿನಲ್ಲಿ ತಿಂಡಿ ಮಾರುವಾಕೆಯನ್ನು ಬಿಟ್ಟು ರೈಲು ಹೊರಡಿಸಿಬಿಟ್ಟಿದ್ದನ್ನು ಗಾರ್ಡಮ್ಮನೇ ಹೇಳಿದರು. ಅದು ಕತೆಯಾಗಿ ಪುಸ್ತಕ ಸೇರಿದೆ. "ಸಂಬಳದ ಗಾರ್ಡಾಗಿದ್ದರೆ ಮೆಮೋ ಬರುತ್ತಿತ್ತು," ಎಂದ ತಮ್ಮ.

"ಇಲ್ಲಿ ಯಾರಿಗೆ ಯಾರು ಹೇಳುತ್ತಾರೆ? ಕೊನೆಯ ಮಾತು ಯಾರದು?" ಎಂದು ಕೇಳಿದೆ.

ಕಾಗದದ ಮೇಲೆ ಉತ್ತರ ಸುಲಭ. ಸದಸ್ಯರ ಸೊಸೈಟಿ ಇದೆ, ಅದಕ್ಕೆ ಚುನಾಯಿತ ಮಂಡಳಿ. ರೈಲು ಓಡಿಸುವ ಕಂಪನಿಗೆ ಬೇರೆ ಬೋರ್ಡು. ವರ್ಷಕ್ಕೊಂದು ಮಹಾಸಭೆ. "ಆದರೆ ನೋಡಿ," ಅಂದರು ಆಕೆ, "ಬೋರ್ಡು ತೀರ್ಮಾನ ಮಾಡಬಹುದು. ಶನಿವಾರ ಬೆಳಿಗ್ಗೆ ಐದಕ್ಕೆ ಎದ್ದು ಬೆಂಕಿ ಹಾಕುವವನಿಗೆ ಅದು ಸರಿಯೆನ್ನಿಸದಿದ್ದರೆ, ಅವನು ಜಗಳ ಆಡುವುದಿಲ್ಲ. ಮುಂದಿನ ಶನಿವಾರ ಬರುವುದಿಲ್ಲ, ಅಷ್ಟೇ. ಸುರಕ್ಷತೆಯ ವಿಷಯ ಬೇರೆ, ಅಲ್ಲಿ ನಿಯಮ ಅಂದರೆ ನಿಯಮ. ಮಿಕ್ಕದ್ದಕ್ಕೆಲ್ಲ ಒಪ್ಪಿಸಬೇಕು. ಒಪ್ಪಿಸಲು ಚಹಾ ಬೇಕು."

ಒಪ್ಪಿಸಬೇಕಾದ ವಿಷಯಗಳೇನೂ ಸಣ್ಣವಲ್ಲ. ಹತ್ತು ವರ್ಷಕ್ಕೊಮ್ಮೆ ಎಂಜಿನ್ನಿನ ಬಾಯ್ಲರ್ ಬಿಚ್ಚಿ ರಿಪೇರಿ ಮಾಡಬೇಕು. ಇರುವ ದುಡ್ಡಲ್ಲಿ ಮೊದಲು ಯಾವ ಎಂಜಿನ್? ಮೆರ್ಥರ್ ಟಿಡ್‌ವಿಲ್ ಬಳಿಯ ಫೋಸ್-ಇ-ಫ್ರಾನ್ ಗಣಿ 2023ರ ಕೊನೆಗೆ ಮುಚ್ಚಿದ ಮೇಲೆ ಹಳೆಯ ರೈಲುಗಳವರಿಗೆ ಹತ್ತಿರದ ಕಲ್ಲಿದ್ದಲು ತಪ್ಪಿದೆ. ಒಂದು ಕಾಲಕ್ಕೆ ಲೋಕಕ್ಕೆಲ್ಲ ಕಲ್ಲಿದ್ದಲು ಕಳಿಸಿದ ವೇಲ್ಸ್‌ನಲ್ಲಿ ಕೂತು ಪರದೇಶದ ಕಲ್ಲಿದ್ದಲಿನ ದರ ಲೆಕ್ಕ ಹಾಕುವ ಗತಿ!

ವಾಪಸು ಬಂದು ವಾರ್ಫಿನ ಮ್ಯೂಸಿಯಮ್ಮಿಗೆ ಹೋದೆವು. ನ್ಯಾರೋಗೇಜ್ ರೈಲುಗಳ ಮ್ಯೂಸಿಯಂ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ದುಡಿದ ಗಿಡ್ಡ ಎಂಜಿನ್ ಇಲ್ಲಿದೆ. ಆಡ್ರಿಯ ಓದುವ ಕೋಣೆಯನ್ನು ಮೇಜು ಪುಸ್ತಕಗಳ ಸಮೇತ ತಂದಿಟ್ಟಿದ್ದಾರೆ. ಹುಡುಗ ಅದರ ಮುಂದೆ ನಿಂತುಬಿಟ್ಟ. ನಾನು ನಿಂತದ್ದು ಒಂದು ಸ್ಲೇಟು ವ್ಯಾಗನ್ನಿನ ಹತ್ತಿರ. ಅಲ್ಲಿ ಇಬ್ಬರು ಮುದುಕರು ಮೆತ್ತಗೆ, ಆದರೆ ಬಿಡದೆ, ವಾದಿಸುತ್ತಿದ್ದರು. ಇಂಥವಕ್ಕೆ ಬಣ್ಣ ಹೊಡೆಯಬೇಕೇ ಬೇಡವೇ ಎಂಬುದು ವಾದ. ಹೊಡೆದರೆ ತುಕ್ಕು ನಿಲ್ಲುತ್ತದೆ ಎಂದು ಒಬ್ಬರು. ಆ ಗೀರುಗಳೆಲ್ಲ ಗಣಿಯವರು ಕಲ್ಲು ಎಳೆದು ತುಂಬಿದಾಗ ಬಿದ್ದದ್ದು, ಬಣ್ಣದ ಕೆಳಗೆ ಅವು ಹೋದರೆ ಉಳಿಯುವುದು ಬರೀ ಕಬ್ಬಿಣ ಎಂದು ಇನ್ನೊಬ್ಬರು. ಮೊದಲನೆಯವರ ಕೈಯಲ್ಲಿ ಎಣ್ಣೆಯ ಚಿಂದಿಬಟ್ಟೆ. ಮಾತಾಡುತ್ತಲೇ ವ್ಯಾಗನ್ನಿನ ಮೂಲೆಯ ಬೋಲ್ಟೊಂದನ್ನು ಅದರಿಂದ ಒರೆಸುತ್ತಿದ್ದರು. ಎರಡನೆಯವರ ಕಣ್ಣು ಆ ಬಟ್ಟೆಯ ಮೇಲೇ ಇತ್ತು, ಅದು ಎಲ್ಲಿಯವರೆಗೆ ಹೋಗುತ್ತದೆ ನೋಡೋಣ ಎನ್ನುವಂತೆ.

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಯಾರಾದರೊಬ್ಬರು ಸಹಿ ಹಾಕಿ ಮುಗಿಸಬಾರದೇ? ಮೈಸೂರಿನವಳಿಗೆ ಹೀಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ರೈಲ್ವೆ ಮ್ಯೂಸಿಯಂ 1979ರದು, ರೈಲ್ವೆ ಇಲಾಖೆಯದು. ಮಹಾರಾಣಿಯವರ ಸಲೂನು, ಹಳೆಯ ಎಂಜಿನ್ನುಗಳು, ಮಕ್ಕಳ ರೈಲು ಎಲ್ಲ ಇವೆ. ಬಣ್ಣ ಬೇಕಾದರೆ ಒಂದು ಫೈಲು, ಒಂದು ಟೆಂಡರು. ಯಾವ ಮುದುಕರೂ ವಾದಿಸಬೇಕಿಲ್ಲ, ವಾದಿಸುವ ಹಕ್ಕೂ ಅವರಿಗಿಲ್ಲ. ಸೇವೆಗೆ ನಮ್ಮಲ್ಲಿ ಬರವೇ? ತೇರಿನ ದಿನ ಹಗ್ಗ ಹಿಡಿಯಲು, ಚಕ್ರಕ್ಕೆ ಅಡ್ಡಮರ ಕೊಡಲು ಊರವರು ಸಂಬಳ ಕೇಳಿ ನಿಲ್ಲುವುದಿಲ್ಲ. ತೇರು ನಮ್ಮದು, ಅದಕ್ಕೆ. ರೈಲು ಸರ್ಕಾರದ್ದು. ಅದೇ ರೈಲಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರಾದ ಫಿಟ್ಟರು ಮ್ಯೂಸಿಯಮ್ಮಿಗೆ ಬಂದರೆ ಟಿಕೆಟ್ ಕೊಂಡು ದೂರ ನಿಂತು ನೋಡಬೇಕು. ಅವನ ಕೈಗೂ ಒಂದು ಎಣ್ಣೆಬಟ್ಟೆ ಕೊಟ್ಟರೆ ಏನು ಗಂಟು ಹೋಗುತ್ತಿತ್ತು?

ಉಳಿಸುವುದೆಂದರೆ ಹಾಗೇ ಇಡುವುದು ಎಂದುಕೊಂಡು ಬಂದಿದ್ದೆ. ಇವರು ಹಾಗೇ ಇಟ್ಟದ್ದು ಬಹಳ ಕಡಿಮೆ. ಹಳಿ ಬದಲಾಯಿಸಿದ್ದಾರೆ, ಟಾಲಿಲಿನ್ ಎಂಜಿನ್ನನ್ನು 1950ರ ದಶಕದಲ್ಲಿ ಹೆಚ್ಚುಕಡಿಮೆ ಹೊಸದಾಗಿ ಕಟ್ಟಿಸಿದ್ದಾರೆ, ಬರೀ ಕಲ್ಲಿನ ಗಾಡಿ ಹೋಗುತ್ತಿದ್ದ ದಾರಿಯಲ್ಲಿ 1976ರಿಂದ ಪ್ರಯಾಣಿಕರನ್ನು ಒಯ್ಯುತ್ತಿದ್ದಾರೆ. ಓಡಬೇಕು ಎಂದು 1951ರಲ್ಲಿ ತೀರ್ಮಾನಿಸಿದವರು ಸವೆಯುವುದನ್ನೂ ಆಗಲೇ ಒಪ್ಪಿಕೊಂಡ ಹಾಗಾಯಿತು. ಆ ಒಪ್ಪಿಗೆ ಎಷ್ಟರವರೆಗೆ ಎಂಬುದನ್ನು ವ್ಯಾಗನ್ನಿನ ಮುಂದಿನ ಆ ಇಬ್ಬರು ಇನ್ನೂ ಚರ್ಚಿಸುತ್ತಿದ್ದರು. ನಾವು ಅಂಗಡಿಗೆ ಹೋಗಿ, ಹುಡುಗನಿಗೆ ದುಬಾರಿ ಟೋಪಿ ಕೊಡಿಸಿ, ಮಳೆ ನಿಲ್ಲಲೆಂದು ಕಾದು ಮತ್ತೆ ಹಾದುಹೋಗುವಾಗಲೂ ಬಿಟ್ಟಿರಲಿಲ್ಲ. ಎಣ್ಣೆಬಟ್ಟೆ ಈಗ ಎರಡನೆಯವರ ಕೈಯಲ್ಲಿತ್ತು.

ಬರ್ಮಿಂಗ್‌ಹ್ಯಾಮಿನ ರೈಲು ಹತ್ತಿದ ಮೇಲೆ ಹುಡುಗ ಬಾಂಬು ಹಾಕಿದ. ದೊಡ್ಡವರ ಜೊತೆ ಬಂದರೆ ಮಕ್ಕಳಿಗೂ ಇಲ್ಲಿ ವಾರಾಂತ್ಯದ ಕೆಲಸವಿದೆಯಂತೆ, ಮಣ್ಣು ಅಗೆಯುವುದು, ಬೇಲಿ ಕಟ್ಟುವುದು. ಗಾರ್ಡಮ್ಮನನ್ನು ಕೇಳಿ ತಿಳಿದುಕೊಂಡೇ ಬಂದಿದ್ದ.

"ಶನಿವಾರ ಕನ್ನಡ ಕ್ಲಾಸ್ ಇದೆಯಲ್ಲೋ," ಅಂದ ತಮ್ಮ.

"ವೋಟ್ ಹಾಕೋಣ ಅಪ್ಪ. ಅತ್ತೆ, ನೀವು ಯಾರ ಕಡೆ?"

ನಾನು ಡಬ್ಬಿಯಲ್ಲಿ ಉಳಿದಿದ್ದ ಚಿತ್ರಾನ್ನ ಬಡಿಸತೊಡಗಿದೆ. ತಿಂದ ಮೇಲೆ ಮಾತಾಡೋಣ ಎಂದೆ.