ವೈದ್ಯನ ಮಾತು, ವೈದ್ಯನ ಮೌನ

‘ಕಾಯಿದೆ’ ಎಂಬುದು ಅನ್ಯದೇಶ್ಯ. ‘ಧರ್ಮ’ ಎಂಬುದು ತತ್ಸಮ. ಕುಲ ಬೇರೆಯಾದ ಈ ಎರಡು ಪದಗಳು ಒಂದೇ ಮನೆಯಲ್ಲಿ ಕೂಡಿ ಬಾಳುವುದನ್ನು ನಾನು ಕಂಡುದು ಗ್ರಂಥದಲ್ಲಿ ಅಲ್ಲ, 2020ನೆಯ ಇಸವಿಯಲ್ಲಿ, ನನ್ನ ಹುಟ್ಟುನಾಡಾದ ಕುಂದಾಪುರದ ಸೀಮೆಯಲ್ಲಿ. ಆ ಅನುಭವವನ್ನು ಈ ಸಂಚಿಕೆಯ ಸಹೃದಯ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಊರೂರುಗಳಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ದುಡಿದು ಬದುಕು ಕಟ್ಟಿಕೊಂಡವರು ಅಸಂಖ್ಯರು. ಕೋವಿಡ್ ಮಹಾಮಾರಿಯಿಂದ ಅಲ್ಲಿ ಉದ್ಯೋಗವಳಿದಾಗ, ಆ ವರ್ಷದ ಮೇ ತಿಂಗಳಿನಲ್ಲಿ ಅವರು ಸಾವಿರ ಸಾವಿರವಾಗಿ ಊರಿಗೆ ಮರಳಿದರು. ಶಾಲೆಗಳೂ ವಿದ್ಯಾರ್ಥಿನಿಲಯಗಳೂ ಕ್ವಾರಂಟೈನಿನ ತಂಗುದಾಣಗಳಾದುವು. ಜೂನ್ ಆದಿಯಲ್ಲಿ ರಾಜ್ಯದಲ್ಲಿ ಅಧಿಕ ಸೋಂಕಿತರಿದ್ದ ಜಿಲ್ಲೆಗಳ ಸಾಲಿನಲ್ಲಿ ಉಡುಪಿಯು ಮುಂದೆ ನಿಂತಿತ್ತು.

ಮುಂಬಯಿಗೂ ನಮ್ಮ ಸಾಂಕ್ರಾಮಿಕ ರೋಗಗಳ ಕಾಯಿದೆಗೂ ಹಳೆಯ ನಂಟುಂಟು. 1896ರಲ್ಲಿ ಆ ನಗರದಲ್ಲಿ ಹಬ್ಬಿದ ಪ್ಲೇಗನ್ನು ತಡೆಯಲೆಂದೇ 1897ರಲ್ಲಿ ಆಂಗ್ಲ ಸರಕಾರ ಅದನ್ನು ರಚಿಸಿತು. ಕೇವಲ ನಾಲ್ಕು ಕಲಮುಗಳ ಆ ಕಿರುಶಾಸನಕ್ಕೆ 2020ರ ಏಪ್ರಿಲ್ 22ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದಿತು. ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರ ಮೇಲೆ ಕೈಮಾಡಿದವರಿಗೆ ಮೂರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆ. ಗಾಯವು ತೀವ್ರವಾದರೆ ಆರು ತಿಂಗಳಿನಿಂದ ಏಳು ವರ್ಷ. ಕರ್ನಾಟಕವೂ ಅದೇ ತಿಂಗಳು ತನ್ನದೇ ಆಜ್ಞೆಯನ್ನು ಹೊರಡಿಸಿ, ಬಳಿಕ ಅದನ್ನು ಅಧಿನಿಯಮವಾಗಿಸಿತು.

ಇದು ವೈದ್ಯನಿಗೆ ದೊರೆತ ರಕ್ಷೆ. ಅವನ ಹೆಗಲೇರಿದ ಹೊರೆಯೂ ಕಡಿಮೆಯದಲ್ಲ. ಭಾರತೀಯ ವೈದ್ಯಕೀಯ ಮಂಡಳಿಯು 2002ರಲ್ಲಿ ವಿಧಿಸಿದ ನಡತೆಯ ನಿಯಮಗಳಂತೆ, ತನಗೂ ರೋಗ ತಗಲೀತೆಂಬ ಭಯದಿಂದ ವೈದ್ಯನು ಸಾಂಕ್ರಾಮಿಕದ ಕಾಲದಲ್ಲಿ ಕರ್ತವ್ಯವನ್ನು ತೊರೆಯಲಾಗದು. ರೋಗಿಯ ಗುಟ್ಟನ್ನು ಹೊರಗೆಡಹಬಾರದು. ಆದರೆ ಸಾಂಕ್ರಾಮಿಕ ರೋಗವನ್ನು ಕಂಡೊಡನೆ ಆರೋಗ್ಯಾಧಿಕಾರಿಗೆ ತಿಳಿಸಲೇಬೇಕು. ಇವಲ್ಲದೆ, ಕೋವಿಡ್ ರೋಗಿಗಳ ಉಪಚಾರದ ಕಸವನ್ನು ಎರಡು ಪದರದ ಚೀಲದಲ್ಲಿ ತುಂಬಿ ಗುರುತಿನ ಚೀಟಿ ಅಂಟಿಸಬೇಕೆಂಬ ವಿಧಿಯೂ, ದೂರವಾಣಿಯಲ್ಲಿ ಔಷಧ ಹೇಳುವುದಕ್ಕೆ 2020ರ ಮಾರ್ಚ್ 25ರ ಮಾರ್ಗಸೂಚಿಯೂ ಬಂದುವು. ದೊಡ್ಡ ಆಸ್ಪತ್ರೆಗೆ ಇವನ್ನೆಲ್ಲ ನೋಡಿಕೊಳ್ಳಲು ಸಿಬ್ಬಂದಿಯುಂಟು. ಹಳ್ಳಿಯ ವೈದ್ಯನಿಗೆ ತಾನೊಬ್ಬನೇ ಗತಿ.

ಬೈಂದೂರಿನ ಕಡೆಯ ಅಂತಹ ಒಬ್ಬ ವೈದ್ಯರು ನನ್ನ ಪರಿಚಿತರು. ಮುಂಬಯಿಯಿಂದ ಮಗ ಬಂದ ಮನೆಯೊಂದರಲ್ಲಿ ತಾಯಿಗೆ ಜ್ವರ ಬಂದಿತು. ಹೆಸರನ್ನು ಬರೆಯಬೇಡಿರೆಂದು ಮನೆಯವರು ಕೈಮುಗಿದರು. ವೈದ್ಯರು ಅವರಿಗೆಲ್ಲ ಸಮಾಧಾನದಿಂದ ತಿಳಿಯಹೇಳಿ, ಅಂದೇ ತಾಲೂಕಿನ ಆರೋಗ್ಯಾಧಿಕಾರಿಗೆ ವರದಿ ಕೊಟ್ಟರು. ತಾಯಿ ಆಸ್ಪತ್ರೆ ಸೇರಿ ಗುಣಮುಖಳಾದಳು. ಆದರೆ ಮನೆಯ ಮುಂದೆ ಆಂಬುಲೆನ್ಸ್ ನಿಂತುದನ್ನು ಕಂಡ ಊರು ಸುಮ್ಮನಿರಲಿಲ್ಲ. ನೆರೆಯವರು ಹಾಲು ಕೊಡುವುದನ್ನು ನಿಲ್ಲಿಸಿದರು. “ಹೆಸ್ರ್ ಬರ್ಕಂಡ್ ಹೋಯಿರ್, ಇನ್ ಊರಗೆ ತಲಿ ಎತ್ತುಕಾತ್ತಾ ಮಾಷ್ಟ್ರೇ?” ಎಂದು ಆ ಮಗನು ದೂರದಲ್ಲಿ ನಿಂತು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಅಂಗಡಿಯಲ್ಲಿ, ದಾರಿಯಲ್ಲಿ ಎಷ್ಟು ಜನ ಕೆದಕಿದರೂ ವೈದ್ಯರು ತುಟಿ ಬಿಚ್ಚಲಿಲ್ಲ. ಒಂದು ಸಂಜೆ ನನ್ನೊಡನೆ ಮಾತ್ರ, ಯಾರ ಹೆಸರನ್ನೂ ಎತ್ತದೆ, “ಪಂಡಿತರೇ, ನನ್ನ ಬಾಯಿಗೆ ಕಟ್ಟುಂಟು, ನಿಮ್ಮ ಬಾಯಿಗಿಲ್ಲ. ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದನ್ನಾದರೂ ಜನಕ್ಕೆ ಹೇಳಿ” ಎಂದರು. ನಾನು ಹೇಳಿದೆ, ಕೆಲವರು ಕೇಳಿದರು, ಕೆಲವರು ಮುಖ ತಿರುಗಿಸಿದರು. ನಾಲ್ಕಾರು ದಿನಗಳಲ್ಲಿ ಒಂದು ಮನೆಯವರು ಹಾಲಿನ ತಂಬಿಗೆಯನ್ನು ಆ ಮನೆಯ ಪಾಗಾರದ ಮೇಲೆ ಇಟ್ಟುಬರತೊಡಗಿದರು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ಒಂದು ಅಧ್ಯಾಯವಿದೆ. ಗಾಳಿ, ನೀರು, ದೇಶ, ಕಾಲಗಳು ಕೆಟ್ಟು ನಾಡಿಗೆ ನಾಡೇ ರೋಗಕ್ಕೆ ತುತ್ತಾಗುವ ವಿಚಾರ ಅಲ್ಲಿಯದು. ಅದೇ ಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ರೋಗಿಯ ಮನೆವಾರ್ತೆಯನ್ನು ಹೊರಗೆ ಆಡಬಾರದೆಂದು ಗುರುವು ಶಿಷ್ಯನಿಗೆ ವಿಧಿಸುತ್ತಾನೆ. ಇಂದಿನ ನಿಯಮಾವಳಿಯೂ ಆ ಮೌನವನ್ನೇ ವಿಧಿಸಿ, ಅದರಲ್ಲಿ ಒಂದು ಕಿಂಡಿಯನ್ನು ಆರೋಗ್ಯಾಧಿಕಾರಿಯ ಕಡೆಗೆ ತೆರೆದಿದೆ. ಕಿಂಡಿ ಮುಚ್ಚಿದರೆ ಊರು ಕೆಡುತ್ತದೆ; ಅದನ್ನೇ ಹೆಬ್ಬಾಗಿಲಾಗಿಸಿದರೆ ಮನೆ ಕೆಡುತ್ತದೆ. ಊರಿಗೆ ಹೆದರಿದ ರೋಗಿ ಮರುಸಲ ವೈದ್ಯನ ಬಳಿಗೇ ಬಾರನು. ಆಗ ಮನೆಯೊಡನೆ ಊರೂ ಕೆಡುತ್ತದೆ.

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ವೈದ್ಯರಾಗುವರು. ಅವರಿಗೆ ಈ ನಿಯಮಗಳನ್ನು ಕಾಲೇಜು ಕಲಿಸೀತು. ಉಳಿದವರೆಲ್ಲ ಊರಾಗುವರು. ಊರಿನ ಬಾಯಿಗೆ ಯಾವ ಕಾಯಿದೆಯ ಕಟ್ಟೂ ಸಾಲದು. ಆ ಸಂಯಮವನ್ನು ಕಲಿಸಬೇಕಾದವರು ಶಾಲೆಯ ಉಪಾಧ್ಯಾಯರಾದ ನಾವು.