ಓಮ್ನಿಯ ಹೆಡ್ ಇಳಿಸುವ ಮುಂಚೆ ಕೊಂಡ ಸಾಮಾನು

ಅರಸೀಕೆರೆಯಿಂದ ತಿಪಟೂರಿಗೆ ಬರುವಾಗ ನಮ್ಮ ಓಮ್ನಿಯ ರೇಡಿಯೇಟರ್ ಪೈಪು ಒಡೆಯಿತು. ಕಾವಿನ ಮುಳ್ಳು ಮೇಲೇರಿದ್ದು ಕಂಡರೂ "ಇನ್ನೇನು ಊರು ಬಂತಲ್ಲ" ಅಂತ ಓಡಿಸಿಕೊಂಡೇ ಬಂದೆವು. ತಪ್ಪು ನಮ್ಮದೇ. ಮಾರನೇ ದಿನ ಆಯಿಲ್ ಕಡ್ಡಿ ಎಳೆದು ನೋಡಿದರೆ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಇತ್ತು. ನೀರು ಆಯಿಲಿಗೆ ಸೇರಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿತ್ತು.

ಈ ಗಾಡಿಯೇ ನಮ್ಮ ಮನೆಯ ಅನ್ನ. ಬೆಳಿಗ್ಗೆ ಸಂಜೆ ಶಾಲೆ ಮಕ್ಕಳು, ನಡುವೆ ಕೊಬ್ಬರಿ ಮೂಟೆ. ಗ್ಯಾರೇಜಿನಲ್ಲಿ 18,000 ರೂಪಾಯಿ, ಹತ್ತು ದಿನ ಅಂದರು. ನಮ್ಮ ಕೈಯಲ್ಲಿದ್ದದ್ದು 9,500. ನಾವಿಬ್ಬರು ಅಣ್ಣತಮ್ಮ. ಒಬ್ಬ ಪತ್ರಿಕೋದ್ಯಮ ಓದಿದವನು, ಇನ್ನೊಬ್ಬ ಐಟಿಐ ಅರ್ಧಕ್ಕೆ ಬಿಟ್ಟವನು. ಇಬ್ಬರೂ ಸೇರಿ ಹೆಡ್ ಇಳಿಸುವುದು ಅಂತ ತೀರ್ಮಾನ ಮಾಡಿದೆವು. ಅವ್ವ ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ.

ದುಡ್ಡು ಕಡಿಮೆ ಇದ್ದಾಗ ಯಾವುದನ್ನು ಕೊಳ್ಳಬೇಕು, ಯಾವುದನ್ನು ಕೇಳಿ ತರಬೇಕು ಅನ್ನುವುದೇ ದೊಡ್ಡ ಲೆಕ್ಕ. ಪೆಟ್ಟಿಗೆ ತುಂಬಾ ನೂರೆಂಟು ಸಾಮಾನು ಇರುವ ಸೆಟ್ ಅಂಗಡಿಯಲ್ಲಿ ಕಣ್ಣು ಕುಕ್ಕುತ್ತದೆ. ನಾವು ಮೊದಲು ಬಿದ್ದದ್ದೂ ಅದಕ್ಕೇ. ಅದರಲ್ಲಿದ್ದ ಸಾಕೆಟ್‌ಗಳಿಗೆ ಒಳಗೆ ಹನ್ನೆರಡು ಮೂಲೆ. ಬಿಗಿಯಾಗಿ ಕೂತ ಬೋಲ್ಟಿಗೆ ಹಾಕಿ ಜಗ್ಗಿದಾಗ ಅದು ಬೋಲ್ಟಿನ ಮೂಲೆಯನ್ನಷ್ಟೇ ಹಿಡಿಯಿತು, ಮೂಲೆ ಸವೆದು ಜಾರಿತು. ಅಂಗಡಿಯವನ ಕೈಕಾಲು ಹಿಡಿದು ಸೆಟ್ ವಾಪಸ್ ಕೊಟ್ಟು ಬಂದೆವು. ಆಮೇಲೆ ತಂದದ್ದು ಆರು ಮೂಲೆಯ ಬಿಡಿ ಸಾಕೆಟ್, ನಮ್ಮ ಇಂಜಿನ್ನಿಗೆ ಬೇಕಾದ ಅಳತೆಯವು ಮಾತ್ರ. ಆರು ಮೂಲೆಯದು ಬೋಲ್ಟಿನ ಚಪ್ಪಟೆ ಬದಿಯನ್ನು ಒತ್ತಿ ಹಿಡಿಯುತ್ತದೆ. ಜೊತೆಗೆ ಬೋಲ್ಟ್ ಬಿಚ್ಚಲು ಒಂದು ಉದ್ದನೆ ರಾಡು. ಟಾರ್ಕ್ ವ್ರೆಂಚಿನಲ್ಲಿ ಬಿಚ್ಚಬಾರದು, ಅದರ ಒಳಗಿನ ಅಳತೆ ಕೆಡುತ್ತದೆ.

ಟಾರ್ಕ್ ವ್ರೆಂಚ್ ಅಂದರೆ ಬೋಲ್ಟನ್ನು ಎಷ್ಟು ಬಿಗಿ ಮಾಡಿದೆವು ಅಂತ ಅಳೆಯುವ ಹಿಡಿ. ನಾವಿಟ್ಟ ಅಂಕಿ ಬಂದ ಕೂಡಲೇ "ಟಕ್" ಅನ್ನುತ್ತದೆ. ಇದಕ್ಕೇ 3,000ದ ಹತ್ತಿರ ಹೋಯಿತು. ಹೆಡ್ ಅಲ್ಯೂಮಿನಿಯಂ. ಒಂದು ಬೋಲ್ಟ್ ಜಾಸ್ತಿ ಬಿಗಿ, ಪಕ್ಕದ್ದು ಸಡಿಲ ಆದರೆ ಹೆಡ್ ಒಂದೇ ಸಮ ಕೂರುವುದಿಲ್ಲ, ಹೊಸ ಗ್ಯಾಸ್ಕೆಟ್ ಕೂಡ ಹೋಗುತ್ತದೆ. ಎರಡು ವರ್ಷದ ಹಿಂದೆ ಒಂದು ಕಡೆ ಇದೇ ಹೆಡ್ಡಿನ ಕೆಲಸ ಮಾಡಿಸಿದಾಗ ರಾಡಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಕೈ ಅಂದಾಜಿನಲ್ಲಿ ಬಿಗಿದಿದ್ದನ್ನು ನಾವೇ ನೋಡುತ್ತಾ ನಿಂತಿದ್ದೆವು.

ನಮ್ಮ ಓಮ್ನಿಯ 796 ಸಿಸಿ ಇಂಜಿನ್ನಿಗೆ ಹೆಡ್ ಬೋಲ್ಟ್ 55ರಿಂದ 60 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಅಂಕಿ ಬೇರೆ ಇರುತ್ತದೆ, ಅದರ ಪುಸ್ತಕವನ್ನೇ ನೋಡಿ. ಅಂಗಡಿಯವನು 40ರಿಂದ 200ರವರೆಗಿನದು ಕೊಡಲು ಬಂದ. ಬೇಡ ಅಂದೆವು. ಇಂಥ ವ್ರೆಂಚ್ ತೀರಾ ಕೆಳಗಿನ ಅಂಕಿಯಲ್ಲಿ ಅಷ್ಟು ಸರಿಯಾಗಿ ತೋರಿಸುವುದಿಲ್ಲ. 20ರಿಂದ 110ರದ್ದು ತಂದೆವು, 60 ಅದರ ನಡುವೆ ಬರುತ್ತದೆ.

ಅಪ್ಪನಿಗೆ ಇದರ ಮೇಲೆ ನಂಬಿಕೆ ಇರಲಿಲ್ಲ. "ಅದು ಟಕ್ ಅಂದ್ರೆ ಸರಿಯಾಯ್ತು ಅಂತ ಯಾರ್ಲಾ ಹೇಳಿದ್ದು?" ಅಂದ. ಕೇಳಿದ್ದು ಸರಿಯೇ. ವೈಸಿನಲ್ಲಿ ಒಂದು ಬೋಲ್ಟ್ ಹಿಡಿಸಿ, ವ್ರೆಂಚನ್ನು 59ಕ್ಕೆ ಇಟ್ಟು, ಬೋಲ್ಟಿನಿಂದ ಸರಿಯಾಗಿ 40 ಸೆಂಟಿಮೀಟರ್ ದೂರಕ್ಕೆ ಕೊಬ್ಬರಿ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಅಡ್ಡಕ್ಕೆ ಎಳೆದೆವು. 15 ಕೆ.ಜಿ.ಗೆ ಟಕ್ ಅನ್ನಬೇಕು. 15 ದಾಟಿ ಕೂದಲೆಳೆಯಷ್ಟು ಮುಂದೆ ಹೋದಾಗ ಅಂದಿತು. ಅಪ್ಪ ಮೂರು ಸಲ ಎಳೆಸಿ ನೋಡಿ ಎದ್ದು ಹೋದ.

ವಾಲ್ವ್ ಸ್ಪ್ರಿಂಗ್ ಒತ್ತುವ ಕ್ಲ್ಯಾಂಪನ್ನು ಕೊಳ್ಳಲಿಲ್ಲ. ವರ್ಷಕ್ಕೊಮ್ಮೆಯೂ ಬೇಕಾಗದ ಸಾಮಾನು. ಪೈಪು ಇಟ್ಟು ಸುತ್ತಿಗೆಯಲ್ಲಿ ಹೊಡೆದರೂ ಲಾಕ್ ಕಳಚುತ್ತದೆ ಅಂತ ಹೇಳುವವರಿದ್ದಾರೆ, ನಮಗೆ ಧೈರ್ಯ ಬರಲಿಲ್ಲ. ಪೇಟೆಯ ಹಳೇ ಮೇಸ್ತ್ರಿಯೊಬ್ಬರು ಎರಡು ದಿನಕ್ಕೆ ಅಂತ ಕ್ಲ್ಯಾಂಪ್ ಕೊಟ್ಟರು. ಅಷ್ಟಾದರೂ ಒಂದು ಲಾಕ್ ಹಾರಿತು. ಹುಣಸೆ ಬೀಜಕ್ಕಿಂತ ಚಿಕ್ಕದು. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಅಂಗಳವೆಲ್ಲಾ ಎಳೆದಾಡಿದ ಮೇಲೆ ಕೋಳಿಗೂಡಿನ ಹತ್ತಿರ ಸಿಕ್ಕಿತು. ಹೆಡ್ಡಿನ ಕೆಲಸಕ್ಕೆ ಕೂರುವ ಮುಂಚೆ ಕೆಳಗೆ ಒಂದು ಬಿಳಿ ಪಂಚೆ ಹಾಸಿಕೊಳ್ಳಿ.

ಹಳೇ ಗ್ಯಾಸ್ಕೆಟ್ ಕೆರೆಯಲು ಬ್ಲೇಡು, ಉಳಿ ಬೇಡ. ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ನೀರಿಗೆ ಅದೇ ದಾರಿ. ಬಿದಿರಿನ ಸೀಳನ್ನು ಚೂಪು ಮಾಡಿಕೊಂಡೆವು, ಖರ್ಚಿಲ್ಲ. ಫೀಲರ್ ಗೇಜನ್ನು ಮಾತ್ರ ಕೊಂಡೆವು. ಹೆಡ್ ತಳದ ಮೇಲೆ ನೇರವಾದ ಉಕ್ಕಿನ ಪಟ್ಟಿ ನಿಲ್ಲಿಸಿ, ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಅಳೆದೆವು. 0.05 ಮಿಲಿಮೀಟರ್ ದಪ್ಪದ ಎಲೆ ನಡುವೆ ಸಲೀಸಾಗಿ ನುಗ್ಗಿತು. ಹೆಡ್ ಬಾಗಿತ್ತು. ಅದನ್ನು ಕೈಯಲ್ಲಿ ಸರಿಮಾಡಲು ಆಗುವುದಿಲ್ಲ, ಲೇತ್ ಅಂಗಡಿಗೆ ಕೊಟ್ಟು ತಳ ಸಮ ಮಾಡಿಸಿದೆವು.

ವಾಲ್ವ್ ಉಜ್ಜುವ ರಬ್ಬರ್ ಕೋಲು, ಪೇಸ್ಟ್ ಎರಡೂ ಅಗ್ಗ. ಉಜ್ಜಿ, ಒರೆಸಿ, ಹೆಡ್ಡನ್ನು ಓರೆ ಮಾಡಿ ಕಂಡಿಗಳಿಗೆ ಡೀಸೆಲ್ ಸುರಿದು ಅರ್ಧ ಗಂಟೆ ಬಿಟ್ಟೆವು. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ? ಎರಡು ವಾಲ್ವ್ ಒಸರಿದವು, ಅವೆರಡನ್ನು ಮತ್ತೆ ಉಜ್ಜಿದೆವು.

ಇಷ್ಟೆಲ್ಲಾ ಹುಷಾರಾಗಿದ್ದು ಕೊನೆಗೆ ಕೆಡಿಸಿದ್ದು ಚಿಕ್ಕ ಬೋಲ್ಟಿನಲ್ಲಿ. ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟಿಗೆ ದೊಡ್ಡ ರ‍್ಯಾಚೆಟ್ಟನ್ನೇ ಹಾಕಿಬಿಟ್ಟೆವು. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಅಲ್ಯೂಮಿನಿಯಂನ ಮರೆ ಕಿತ್ತು ಬಂದಿತ್ತು. ಲೇತ್ ಅಂಗಡಿಯಲ್ಲಿ ಹೊಸ ಮರೆ ಕೂರಿಸಲು 400 ರೂಪಾಯಿ, ಒಂದು ದಿನ. ಹತ್ತರ ಸಣ್ಣ ಸ್ಪ್ಯಾನರ್ ಆಗಿದ್ದರೆ ಬೆರಳಿಗೇ ಗೊತ್ತಾಗುತ್ತಿತ್ತು. ಅದು ಮನೆಯಲ್ಲೇ ಇತ್ತು, ಪಂಪ್‌ಸೆಟ್ ಡಬ್ಬಿಯೊಳಗೆ.

ಬೋಲ್ಟಿನ ರಂಧ್ರಗಳಲ್ಲಿ ನೀರು, ಆಯಿಲ್ ಉಳಿಯದಂತೆ ಬತ್ತಿ ಹಾಕಿ ಒರೆಸಿ, ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿದೆವು. ಎಂಟನೇ ದಿನ ಗಾಡಿ ಶಾಲೆಗೆ ಹೋಯಿತು. ಅವತ್ತಿಂದ ದಿನಾ ಬೆಳಿಗ್ಗೆ ಅವ್ವನೇ ಆಯಿಲ್ ಕಡ್ಡಿ ಎಳೆದು ನೋಡುತ್ತಾಳೆ.

ಕ್ಲ್ಯಾಂಪ್ ವಾಪಸ್ ಕೊಡಲು ಹೋದಾಗ ಮೇಸ್ತ್ರಿ ನಮ್ಮ ಟಾರ್ಕ್ ವ್ರೆಂಚನ್ನು ತಿರುಗಿಸಿ ನೋಡಿದರು. "ಬುಧವಾರ ಒಂದು ಹೆಡ್ ಐತೆ, ತಂದ್‌ಕೊಡ್ರಪ್ಪಾ" ಅಂದರು. ಒಪ್ಪಿಕೊಂಡು ಬಂದೆವು.