ಮುಖ ನಂದು, ರೀಲು ನಂದು

1993ರಲ್ಲಿ ನಾನು ದಾವಣಗೆರೆಯ ಒಂದು ಕಲರ್ ಲ್ಯಾಬಿಗೆ ಲೆಕ್ಕ ಬರೆಯಲು ಸೇರಿದೆ. ಮದುವೆ ತಿಂಗಳಲ್ಲಿ ಸುತ್ತಲ ಊರುಗಳ ಸ್ಟುಡಿಯೋದವರು ರೀಲು ಹಿಡಿದು ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದರು. ಒಳಗೆ ಯಂತ್ರದ ಬಿಸಿ, ಕೆಮಿಕಲ್ ವಾಸನೆ. ಹೊರಗೆ ಕೌಂಟರಿನ ಮೇಲೆ ಕಾರ್ಬನ್ ಹಾಳೆ ಸಿಕ್ಕಿಸಿದ ಬಿಲ್ ಬುಕ್ಕು, ನೆತ್ತಿಯಲ್ಲಿ ಕರ್ನಾಟಕ ಮಾರಾಟ ತೆರಿಗೆಯ ಕೆ.ಎಸ್.ಟಿ. ನಂಬರು, ಅಡಿಯಲ್ಲಿ ಟ್ಯಾಕ್ಸಿನ ಸಾಲು.

ಮೊಮ್ಮಗಳ ನಾಮಕರಣದ ಫೋಟೋ ಒಯ್ಯಲು ಬಂದ ಅಜ್ಜಿಯೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟರು. "ಮುಖ ನಂದು, ರೀಲು ನಂದು. ನೀವು ನಂಗೆ ಮಾರಿದ್ದೇನಪ್ಪಾ?" ನಾನು ಬಾಯಿ ತೆರೆಯಲಿಲ್ಲ.

ಅದು ಕೋರ್ಟುಗಳನ್ನೂ ಕಾಡಿದ ಪ್ರಶ್ನೆ. ರಾಜ್ಯಕ್ಕಿದ್ದದ್ದು ಸರಕಿನ ಮಾರಾಟಕ್ಕೆ ತೆರಿಗೆ ಹಾಕುವ ಅಧಿಕಾರ, ದುಡಿಮೆಗಲ್ಲ. ಕಟ್ಟಡದ ಗುತ್ತಿಗೆಯಲ್ಲಿ ಬಳಸಿದ ಸಾಮಗ್ರಿಯನ್ನು ಮಾರಾಟ ಎನ್ನಲಾಗದು ಎಂದು 1958ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸಂವಿಧಾನದ 46ನೇ ತಿದ್ದುಪಡಿ 1982ರಲ್ಲಿ ಅದಕ್ಕೆ ಬೇರೆ ದಾರಿ ತೆರೆಯಿತು: ಗುತ್ತಿಗೆ ಕೆಲಸದೊಳಗೆ ಸೇರಿಹೋದ ಸರಕಿಗೂ ತೆರಿಗೆ ಹಾಕಬಹುದು. ಆ ದಾರಿಯಲ್ಲೇ ಕರ್ನಾಟಕ 1989ರ ಜುಲೈಯಿಂದ ಫೋಟೋ ತೊಳೆದು ಪ್ರಿಂಟ್ ಹಾಕಿಕೊಡುವುದನ್ನೂ ತೆರಿಗೆಯ ಪಟ್ಟಿಗೆ ಸೇರಿಸಿತ್ತು.

ನಮ್ಮ ಆಪರೇಟರ್ ನೆಗೆಟಿವ್‌ನ ಒಂದೊಂದು ಚೌಕವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ. ಮದುಮಗಳ ಕೆನ್ನೆ ಕೆಂಪೇರಿದರೆ ಬಣ್ಣದ ಗುಂಡಿಯನ್ನು ಒಂದು ಪಾಯಿಂಟ್ ಸರಿಸುತ್ತಿದ್ದ. ಪೇಪರಿಗೆಷ್ಟು, ಕೆಮಿಕಲ್ಲಿಗೆಷ್ಟು ಎಂದು ನನ್ನ ಲೆಡ್ಜರಿನಲ್ಲಿತ್ತು. ಅವನ ಕಣ್ಣಿಗೆ ಬೆಲೆ ಬರೆಯುವ ಕಾಲಂ ಇರಲಿಲ್ಲ.

ಮಧ್ಯಪ್ರದೇಶದ ಒಂದು ಕಲರ್ ಲ್ಯಾಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಆ ಕಣ್ಣಿನ ಪರವಾಗಿ ನಿಂತಿತು: ಫೋಟೋ ಮುಖ್ಯವಾಗಿ ಕೌಶಲ, ಅದು ಮಾರಾಟವಲ್ಲ. ನಾವು ನೆಮ್ಮದಿಯ ನಿಟ್ಟುಸಿರು ಬಿಟ್ಟೆವು. ಮರುವರ್ಷವೇ ಕೇಂದ್ರ ಸರ್ಕಾರ ಫೋಟೋಗ್ರಫಿಗೆ ಸೇವಾ ತೆರಿಗೆ ಹಾಕಿತು. 2004ರಲ್ಲಿ ರಾಜ್ಯ, ಕೋರ್ಟಿನ ತೀರ್ಪಿನಿಂದ ನಿಂತಿದ್ದ ತನ್ನ ಹಳೆಯ ತೆರಿಗೆಯನ್ನು ಮತ್ತೆ ಜಾರಿಗೆ ತಂದಿತು, ಅದೂ 1989ರಿಂದಲೇ ಅನ್ವಯವಾಗುವಂತೆ. ಸುದ್ದಿ ಬಂದ ರಾತ್ರಿ ಲ್ಯಾಬಿನ ಯಜಮಾನರು ಹಳೆಯ ಬಿಲ್ ಬುಕ್ಕುಗಳ ಕಟ್ಟು ಬಿಚ್ಚಿಸಿದರು. "ಫೋಟೋ ತಗೊಂಡು ಹೋದ ಗಿರಾಕೀನ ಈಗ ಎಲ್ಲಿ ಹುಡುಕಲೋ?" ಎಂದ ಅವರ ದನಿ ನಡುಗುತ್ತಿತ್ತು. ತೆರಿಗೆ ತಪ್ಪಿಸಿದ ಮನುಷ್ಯ ಅಲ್ಲ ಅವರು. ವಸೂಲಿ ಮಾಡದ ತೆರಿಗೆಯನ್ನು ಕೈಯಿಂದ ಕಟ್ಟಬೇಕಾದೀತೆಂಬ ಭಯ ಅದು.

ಮರುವರ್ಷ ಹೈಕೋರ್ಟ್ ರಾಜ್ಯದ ಆ 2004ರ ಕಾನೂನನ್ನು ಹೊಡೆದುಹಾಕಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಮಾರಾಟ ತೆರಿಗೆಯ ಜಾಗಕ್ಕೆ ವ್ಯಾಟ್ ಬಂತು. ಅಷ್ಟರಲ್ಲಿ ಡಿಜಿಟಲ್ ಕ್ಯಾಮರಾವೂ ಬಂತು. ಬೆಳಗಿನ ಬಸ್ಸಿನಿಂದ ಇಳಿಯುವವರು ಕಮ್ಮಿಯಾದರು. ರಾಜ್ಯದ ಕಾನೂನು ಸರಿಯೆಂದು ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿದ್ದು 2015ರ ಜನವರಿಯಲ್ಲಿ. ಆ ಹೊತ್ತಿಗೆ ನಮ್ಮ ಯಂತ್ರ ಗುಜರಿ ಸೇರಿತ್ತು.

2017ರ ಜುಲೈ 1ರಿಂದ ಜಿ.ಎಸ್.ಟಿ. ಈಗ ಸೇವೆಯ ಮೇಲೂ ರಾಜ್ಯಕ್ಕೆ ಪಾಲುಂಟು. ಸರಕೋ ಸೇವೆಯೋ ಎಂದು ಎರಡು ಕಚೇರಿಗಳ ನಡುವೆ ಅಲೆಯುವುದು ತಪ್ಪಿತು. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಸಣ್ಣ ವ್ಯಾಪಾರಿಗೆ ಕಟ್ಟುವುದಕ್ಕಿಂತ ಕಷ್ಟ, ಎಷ್ಟು ಕಟ್ಟಬೇಕೆಂದು ತಿಳಿಯದೆ ವರ್ಷಗಟ್ಟಲೆ ಕಾಯುವುದು. ಬಿಲ್ ಹರಿದು ಕೊಡುವ ಗಳಿಗೆಯಲ್ಲೇ ಅವನಿಗೆ ಅದು ಗೊತ್ತಿರಬೇಕು.

ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ತೊಟ್ಟಿಲ ಮಗುವಿಗೆ ಇಪ್ಪತ್ತು ದಾಟಿತ್ತು.